ನರದ ಜಾಡು ಹಿಡಿದು, ಮೂಗಿನ ಹಾದಿಯಲ್ಲಿ

ಕೆನ್ನೆಯ ಒಂದು ಬದಿ ಜೋಮು ಹಿಡಿದಂತಾಗುತ್ತದೆ. ಮುಖ ತೊಳೆಯುವಾಗ ಆ ಬದಿಗೆ ನೀರಿನ ತಂಪು ಸರಿಯಾಗಿ ಗೊತ್ತಾಗುವುದಿಲ್ಲ. ಮೇಲ್ದವಡೆಯ ಹಲ್ಲುಗಳ ಬುಡದಲ್ಲಿ ಏನೋ ಕಸಿವಿಸಿ. ಹಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆದು ಹಲ್ಲು ಚೆನ್ನಾಗಿಯೇ ಇದೆ ಎನ್ನುತ್ತಾರೆ. ನೋವು ನಿಲ್ಲದಿದ್ದಾಗ ಅನುಮಾನದ ಮೇಲೆ ಒಂದು ರೂಟ್ ಕೆನಾಲ್ ಕೂಡ ನಡೆದುಹೋಗುತ್ತದೆ. ಮುಂದೆ ಅದೇ ಬದಿಯ ಹೊಳ್ಳೆ ಕಟ್ಟಿಕೊಳ್ಳುತ್ತದೆ, ಸೀನಿದಾಗ ಆಗೀಗ ರಕ್ತದ ಎಳೆ ಕಾಣುತ್ತದೆ. ಸೈನಸ್ ಇರಬೇಕು, ಧೂಳಿನ ಅಲರ್ಜಿ ಇರಬೇಕು ಎಂದು ಮಾತ್ರೆ, ಸ್ಪ್ರೇ, ಹಬೆ. ಹೀಗೆ ತಿಂಗಳುಗಳು ಉರುಳುತ್ತವೆ, ಕೆಲವರಿಗೆ ವರ್ಷಗಳೇ ಆಗುತ್ತವೆ. ಕೊನೆಗೆ ಎಂಆರ್‌ಐ ಮಾಡಿಸಿದರೆ ಕೆನ್ನೆಯ ಮೂಳೆಯ ಹಿಂದೆ, ಮೂಗಿನ ಆಳದಲ್ಲಿ, ತಲೆಬುರುಡೆಯ ತಳಕ್ಕೆ ಒತ್ತಿಕೊಂಡು ಕುಳಿತ ಗಡ್ಡೆ. ಬಯಾಪ್ಸಿ ವರದಿಯಲ್ಲಿ ಹೆಚ್ಚಿನವರು ಹಿಂದೆಂದೂ ಕೇಳಿರದ ಹೆಸರು: ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ. ಇದು ಜೊಲ್ಲುಗ್ರಂಥಿಯಿಂದ ಹುಟ್ಟಿದ ಕ್ಯಾನ್ಸರ್ ಎಂದು ಡಾಕ್ಟರು ಬಿಡಿಸಿ ಹೇಳಿದಾಗ ಮನೆಯವರಿಗೆ ಗೊಂದಲ ಇನ್ನೂ ಹೆಚ್ಚುತ್ತದೆ. ಮೂಗಿನೊಳಗೆ ಜೊಲ್ಲಿನ ಗ್ರಂಥಿ ಎಲ್ಲಿಂದ ಬಂತು?

ಶಾಲೆಯಲ್ಲಿ ನಾವು ಓದಿದ್ದು ಮೂರು ಜೊತೆ ದೊಡ್ಡ ಗ್ರಂಥಿಗಳ ಬಗ್ಗೆ. ಕಿವಿಯ ಮುಂದೆ ಒಂದು ಜೊತೆ, ಮಂಗನಬಾವು ಬಂದಾಗ ಊದಿಕೊಳ್ಳುವುದು ಇದೇ. ದವಡೆಯ ಕೆಳಗೆ ಇನ್ನೊಂದು, ನಾಲಿಗೆಯ ಅಡಿಯಲ್ಲಿ ಮತ್ತೊಂದು. ಇವಲ್ಲದೆ ಕಣ್ಣಿಗೆ ಬೀಳದಷ್ಟು ಸಣ್ಣ ಗ್ರಂಥಿಗಳು ಸುಮಾರು 600ರಿಂದ 1000ದವರೆಗೆ ಇವೆ. ತುಟಿ, ಕೆನ್ನೆಯ ಒಳಪದರ, ಅಂಗುಳ, ಗಂಟಲು, ಮೂಗು, ಸೈನಸ್‌ಗಳ ಒಳಗೋಡೆ, ಎಲ್ಲೆಡೆ ಲೋಳೆಪೊರೆಯ ಅಡಿಯಲ್ಲಿ ಅವು ಚದುರಿಕೊಂಡಿವೆ. ಒಳಗೋಡೆಯನ್ನು ತೇವವಾಗಿಡುವುದು ಅವುಗಳ ಕೆಲಸ. 2020ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಬಳಸುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ಗಳನ್ನು ನೋಡುತ್ತಿದ್ದಾಗ, ಮೂಗಿನ ಹಿಂಭಾಗದಲ್ಲಿ ಕಿವಿಯ ನಾಳ ಬಂದು ತೆರೆದುಕೊಳ್ಳುವ ಜಾಗದ ಬಳಿ ಇಂಥ ಗ್ರಂಥಿಗಳ ದೊಡ್ಡ ಗುಂಪೊಂದು ಎರಡೂ ಬದಿಗೆ ಹೊಳೆಯುವುದನ್ನು ಕಂಡರು. ಅದನ್ನು ಹೊಸ ಅಂಗ ಎನ್ನಬೇಕೇ, ಸಣ್ಣ ಗ್ರಂಥಿಗಳ ದಟ್ಟಣೆ ಎನ್ನಬೇಕೇ ಎಂಬ ಚರ್ಚೆ ಎದ್ದಿತು. ಅದು ಏನೇ ಇರಲಿ, ಮೂಗಿನ ಆಳದಲ್ಲಿ ಜೊಲ್ಲುಗ್ರಂಥಿಯ ಅಂಗಾಂಶ ಧಾರಾಳವಾಗಿ ಇದೆ ಎನ್ನುವುದಂತೂ ಖಚಿತ.

ಈ ಗ್ರಂಥಿಗಳ ವಿಷಯದಲ್ಲಿ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಯಿದೆ. ಗ್ರಂಥಿ ಚಿಕ್ಕದಾದಷ್ಟೂ ಅದರಲ್ಲಿ ಹುಟ್ಟುವ ಗಡ್ಡೆ ಕ್ಯಾನ್ಸರ್ ಆಗಿರುವ ಸಂಭವ ಹೆಚ್ಚು. ಕಿವಿಯ ಮುಂದಿನ ದೊಡ್ಡ ಗ್ರಂಥಿಯಲ್ಲಿ ಬರುವ ಗಡ್ಡೆಗಳಲ್ಲಿ ಹೆಚ್ಚಿನವು ನಿರುಪದ್ರವಿ. ಅಂಗುಳದಲ್ಲೋ ಸೈನಸ್‌ನಲ್ಲೋ ಬಂದರೆ ಹಾಗೆ ಧೈರ್ಯವಾಗಿ ಹೇಳಲಾಗದು. ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗಳನ್ನೆಲ್ಲ ಒಟ್ಟು ಸೇರಿಸಿದರೆ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮದ ಪಾಲು ನೂರರಲ್ಲಿ ಒಂದರ ಆಸುಪಾಸು. ನಲವತ್ತರಿಂದ ಅರವತ್ತರ ವಯಸ್ಸಿನವರಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ತುಸು ಹೆಚ್ಚು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಬಾಯಿ–ಗಂಟಲಿನ ಕ್ಯಾನ್ಸರ್ ಎಂದರೆ ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ, ಬೀಡಿ ಎಂದೇ ಎಲ್ಲರ ಮನಸ್ಸು ಓಡುತ್ತದೆ. ಓಡುವುದಕ್ಕೆ ಕಾರಣವೂ ಇದೆ, ಏಕೆಂದರೆ ನಮ್ಮ ಆಸ್ಪತ್ರೆಗಳಲ್ಲಿ ತುಂಬಿರುವ ಬಾಯಿಯ ಕ್ಯಾನ್ಸರ್‌ಗಳಿಗೆ ಮೂಲ ಅದೇ. ಆದರೆ ಈ ಗಡ್ಡೆಗೂ ತಂಬಾಕಿಗೂ ಅಂಥ ಗಟ್ಟಿ ನಂಟು ಕಂಡುಬಂದಿಲ್ಲ. ಯಾವ ಚಟವೂ ಇಲ್ಲದ ಹೆಣ್ಣುಮಗಳಿಗೆ ಇದು ಬರುತ್ತದೆ; ಬಂದಮೇಲೆ ನೆಂಟರು ‘ಏನು ತಿಂತಿದ್ದಳೋ’ ಎಂದು ಕೇಳುತ್ತಾರೆ. ಕಾಯಿಲೆಯ ಭಾರದ ಮೇಲೆ ಈ ಮಾತಿನ ಭಾರವನ್ನೂ ಹೊರಿಸುವುದು ಕ್ರೂರ.

ಈ ಗಡ್ಡೆಯನ್ನು ಮೊದಲು ವಿವರಿಸಿದವರಲ್ಲಿ ಒಬ್ಬರು ಥಿಯೊಡೋರ್ ಬಿಲ್‌ರೋತ್, 1859ರಲ್ಲಿ. ಹೊಟ್ಟೆಯ ಕ್ಯಾನ್ಸರ್ ಭಾಗವನ್ನು ಯಶಸ್ವಿಯಾಗಿ ಕತ್ತರಿಸಿ ತೆಗೆದ 1881ರ ವಿಯೆನ್ನಾದ ಶಸ್ತ್ರಚಿಕಿತ್ಸೆಯಿಂದ ಹೆಸರಾದವರು ಇವರೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಗಡ್ಡೆ ತೂತುತೂತಾಗಿ, ಜಾಲಂಧ್ರದ ಹಾಗೆ ಕಾಣುತ್ತದೆ. ಕೆಲವದರಲ್ಲಿ ಕೊಳವೆಗಳಂಥ ರಚನೆ, ಇನ್ನು ಕೆಲವದರಲ್ಲಿ ಸಂದಿಯೇ ಇಲ್ಲದ ಗಟ್ಟಿ ರಾಶಿ. ಈ ಕೊನೆಯ ಬಗೆ ಎಲ್ಲಕ್ಕಿಂತ ಕೆಟ್ಟದ್ದು. ಇದರ ಹುಟ್ಟಿನ ಹಿಂದಿರುವ ಒಂದು ಮುಖ್ಯ ಎಡವಟ್ಟು ಗೊತ್ತಾಗಿದ್ದು ಬಿಲ್‌ರೋತ್ ಕಾಲದ ಒಂದೂವರೆ ಶತಮಾನದ ನಂತರ. ಆರನೇ ಮತ್ತು ಒಂಬತ್ತನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಅಂಟಿಕೊಂಡು, ಎಂವೈಬಿ ಎಂಬ ಜೀನ್ ಎನ್‌ಎಫ್‌ಐಬಿ ಎಂಬ ಇನ್ನೊಂದರೊಡನೆ ಬೆಸೆದುಕೊಳ್ಳುತ್ತದೆ ಎಂದು ಸ್ವೀಡನ್ನಿನ ಯೋಟೆಬೋರಿಯ ವಿಜ್ಞಾನಿಗಳು 2009ರಲ್ಲಿ ತೋರಿಸಿದರು.

ಆದರೆ ಶಸ್ತ್ರಚಿಕಿತ್ಸಕರ ನಿದ್ದೆಗೆಡಿಸುವುದು ಅದರ ಜೀನ್ ಅಲ್ಲ, ಅದರ ನಡೆ. ಈ ಗಡ್ಡೆ ನಿಧಾನವಾಗಿ ಬೆಳೆಯುತ್ತದೆ, ಕತ್ತಿನ ದುಗ್ಧಗ್ರಂಥಿಗಳಿಗೆ ಹರಡುವುದು ಕಡಿಮೆ. ಆದರೆ ನರ ಸಿಕ್ಕರೆ ಸಾಕು, ಅದರ ಹೊದಿಕೆಯ ಒಳಗೆ ನುಗ್ಗಿ ನರದುದ್ದಕ್ಕೂ ಹರಿದುಹೋಗುತ್ತದೆ. ಹೊಲದ ಬದುವಿನಲ್ಲಿ ಗರಿಕೆ ಕಿತ್ತವರಿಗೆ ಇದು ಬೇಗ ಅರ್ಥವಾದೀತು: ಮೇಲೆ ಕಂಡ ಹಸಿರನ್ನು ಕಿತ್ತು ನೆಲ ಬೋಳಾಯಿತು ಎಂದುಕೊಂಡರೆ, ಮಣ್ಣಿನಡಿ ಓಡಿದ ಬೇರು ಎರಡು ಮಾರು ಆಚೆ ಮತ್ತೆ ತಲೆಯೆತ್ತುತ್ತದೆ. ಅಂಗುಳದಲ್ಲಿ ಹುಟ್ಟಿದ ಗಡ್ಡೆ ಅಂಗುಳದ ನರ ಹಿಡಿದು ಮೇಲೇರಿ, ಮೇಲ್ದವಡೆಯ ಹಿಂದಿನ ಪುಟ್ಟ ಗುಂಡಿಗೆ ಬಂದು ಸೇರುತ್ತದೆ. ಅಲ್ಲಿಂದ ಕೆನ್ನೆಯ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ನರದ ಜೊತೆ ಬುರುಡೆಯ ತಳದ ಒಂದು ದುಂಡನೆಯ ರಂಧ್ರದಲ್ಲಿ ತೂರಿ, ಮಿದುಳಿನ ಮಗ್ಗುಲಿಗೇ ತಲುಪುತ್ತದೆ. ಕೆನ್ನೆಯ ಜೋಮಿಗೆ ಕಾರಣ ಇದೇ. ಗಡ್ಡೆ ಕಣ್ಣಿಗೆ ಕಾಣುವ ಮೊದಲೇ ನರ ದೂರು ಕೊಟ್ಟಿರುತ್ತದೆ. ಕಾರಣವಿಲ್ಲದೆ ಮುಖದ ಒಂದೇ ಬದಿ ಜೋಮು ಹಿಡಿದು ವಾರಗಟ್ಟಲೆ ಬಿಡದಿದ್ದರೆ, ಒಂದೇ ಹೊಳ್ಳೆ ಕಟ್ಟಿಕೊಂಡು ರಕ್ತ ಕಾಣುತ್ತಿದ್ದರೆ, ಇಎನ್‌ಟಿ ಡಾಕ್ಟರ ಬಳಿ ಸ್ಕೋಪ್ ಹಾಕಿಸಿ ನೋಡಿಸಲೇಬೇಕು.

ಇಂಥ ಗಡ್ಡೆಯನ್ನು ಹಿಂದೆ ಹೇಗೆ ತೆಗೆಯುತ್ತಿದ್ದರು ಎಂಬುದನ್ನು ತಿಳಿಯದೆ ಇವತ್ತಿನ ಬದಲಾವಣೆಯ ಬೆಲೆ ಗೊತ್ತಾಗದು. ಕೆಳರೆಪ್ಪೆಯ ಅಂಚಿನಿಂದ ಹೊರಟು, ಕಣ್ಣಿನ ಒಳಮೂಲೆಗೆ ಬಂದು, ಮೂಗಿನ ಬದಿಯಲ್ಲಿ ಇಳಿದು, ಹೊಳ್ಳೆಯನ್ನು ಬಳಸಿ, ಮೇಲ್ದುಟಿಯನ್ನು ನಡುವೆ ಸೀಳುವ ಕೊಯ್ತ. ಕೆನ್ನೆಯನ್ನು ಪುಸ್ತಕದ ಹಾಳೆಯಂತೆ ಮಗುಚಿ, ಮೇಲ್ದವಡೆಯ ಮೂಳೆಯನ್ನು ಗರಗಸದಿಂದ ಬಿಡಿಸಿ ತೆಗೆಯುವುದು. ಮಿದುಳಿನ ಕಡೆಗೆ ಏರಿದ್ದರೆ ನ್ಯೂರೋಸರ್ಜನ್ ಮೇಲಿನಿಂದ ಬುರುಡೆಯನ್ನೂ ತೆರೆಯಬೇಕು, ಕಣ್ಣುಗುಡ್ಡೆಯನ್ನೇ ಕಳೆದುಕೊಂಡವರಿದ್ದಾರೆ. ಅಂಗುಳದಲ್ಲಿ ಉಳಿದ ತೂತನ್ನು ಮುಚ್ಚಲು ಹಲ್ಲುಸೆಟ್ಟಿನಂಥ ತಟ್ಟೆ, ಅದಿಲ್ಲದಿದ್ದರೆ ಕುಡಿದ ನೀರು ಮೂಗಿನಲ್ಲಿ ಬರುತ್ತದೆ. ಆ ಸರ್ಜನ್‌ಗಳ ಕೌಶಲಕ್ಕೆ ನಾನು ತಲೆಬಾಗುತ್ತೇನೆ, ಅವರಿಗೆ ಬೇರೆ ಹಾದಿ ಇರಲಿಲ್ಲ. ಆದರೆ ಅಷ್ಟು ದೊಡ್ಡ ಬಾಗಿಲು ತೆರೆದರೂ, ನರ ಒಳಹೊಕ್ಕ ಆಳದ ಸಂದಿ ಮಾತ್ರ ಕತ್ತಲಲ್ಲೇ ಉಳಿಯುತ್ತಿತ್ತು. ನೇರವಾಗಿ ನೋಡುವ ಕಣ್ಣಿಗೆ ಮೂಲೆಯ ಆಚೆ ಕಾಣುವುದಿಲ್ಲವಲ್ಲ.

ಆ ಮೂಲೆಗೆ ಬೆಳಕು ತಂದ ಕತೆಯಲ್ಲಿ ಒಬ್ಬ ಭಾರತೀಯರಿದ್ದಾರೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಎಂಬ ಭೌತವಿಜ್ಞಾನಿಯ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದರು. ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಬಹುದು ಎಂದು ಇಬ್ಬರೂ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1959ರಲ್ಲಿ ಹಾಪ್ಕಿನ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲ್ಲಿಯವರೆಗೆ ದೇಹದ ಒಳಗನ್ನು ನೋಡುವ ನಳಿಕೆಗಳಲ್ಲಿ ಸಣ್ಣ ಮಸೂರಗಳು ಇರುತ್ತಿದ್ದವು, ನಡುವೆ ಉದ್ದನೆಯ ಗಾಳಿಯ ಜಾಗ. ಅವರು ಅದನ್ನು ತಿರುವುಮುರುವು ಮಾಡಿ, ಗಾಜಿನ ಉದ್ದನೆಯ ಕಡ್ಡಿಗಳನ್ನು ಕೂರಿಸಿ ಅವುಗಳ ನಡುವಿನ ಸಣ್ಣ ಗಾಳಿಯ ಸಂದಿಯೇ ಮಸೂರದ ಕೆಲಸ ಮಾಡುವಂತೆ ಮಾಡಿದರು. ಚಿತ್ರ ಎಷ್ಟೋ ಪಟ್ಟು ಬೆಳಗಿತು. ಜರ್ಮನಿಯ ಟುಟ್ಲಿಂಗನ್ ಊರಿನ ಕಾರ್ಲ್ ಸ್ಟೋರ್ಜ್ 1960ರ ದಶಕದಲ್ಲಿ ಇದನ್ನು ತಯಾರಿಕೆಗೆ ತಂದರು. ಬೆಳಕು ಹೊರಗಿನ ದೀಪದಿಂದ ಗಾಜಿನ ಎಳೆಗಳಲ್ಲಿ ಒಳಗೆ ಹೋಗುತ್ತದೆ, ಚಿತ್ರ ಗಾಜಿನ ಕಡ್ಡಿಗಳಲ್ಲಿ ಹೊರಗೆ ಬರುತ್ತದೆ. ಇವತ್ತು ನಮ್ಮ ಜಿಲ್ಲಾ ಕೇಂದ್ರಗಳ ಇಎನ್‌ಟಿ ಕ್ಲಿನಿಕ್ಕುಗಳಲ್ಲೂ ಕಾಣುವ 4 ಮಿಲಿಮೀಟರ್ ದಪ್ಪದ ಸ್ಕೋಪಿನ, ಅಂದರೆ ಎಂಡೋಸ್ಕೋಪಿನ, ಒಳಗುಟ್ಟು ಇಷ್ಟೇ.

ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಈ ಸ್ಕೋಪಿನಿಂದ ಮೂಗಿನ ಒಳಗನ್ನು ವರ್ಷಗಟ್ಟಲೆ ನೋಡಿ, ಲೋಳೆ ಯಾವ ಹಾದಿಯಲ್ಲಿ ಹರಿಯುತ್ತದೆ, ಸೈನಸ್ ಯಾಕೆ ಕಟ್ಟಿಕೊಳ್ಳುತ್ತದೆ ಎಂದು ಅರಿತರು. ಸೈನಸ್ ಶಸ್ತ್ರಚಿಕಿತ್ಸೆ ಅಲ್ಲಿಂದ ಹೊಸ ರೂಪ ಪಡೆಯಿತು. ಮೂಗಿನ ಮೂಲಕ ಮಿದುಳಿನ ತಳಕ್ಕೆ ಹೋಗುವ ಯೋಚನೆ ಇನ್ನೂ ಹಳೆಯದು: 1907ರಲ್ಲಿ ಇನ್ಸ್‌ಬ್ರುಕ್‌ನ ಹರ್ಮನ್ ಷ್ಲೋಫರ್ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯ ಗಡ್ಡೆಯೊಂದನ್ನು ಹೀಗೆ ತೆಗೆದಿದ್ದರು, ಆದರೆ ಅದಕ್ಕಾಗಿ ಮೂಗನ್ನೇ ಕತ್ತರಿಸಿ ಪಕ್ಕಕ್ಕೆ ಸರಿಸಬೇಕಾಯಿತು. ಅಮೆರಿಕದ ನ್ಯೂರೋಸರ್ಜನ್ ಹಾರ್ವೆ ಕುಶಿಂಗ್ ಈ ಹಾದಿಯಲ್ಲಿ ಬಹಳ ಜನರಿಗೆ ಚಿಕಿತ್ಸೆ ಮಾಡಿ ಆಮೇಲೆ ಕೈಬಿಟ್ಟರು. ಬೆಳಕು ಸಾಲದ ಕಾಲ ಅದು. ಮಾಂಟ್ರಿಯಲ್‌ನ ಜೂಲ್ಸ್ ಆರ್ಡಿ 1960ರ ದಶಕದಲ್ಲಿ ಮೈಕ್ರೋಸ್ಕೋಪ್ ತಂದಮೇಲೆ ಹಾದಿ ಮತ್ತೆ ತೆರೆಯಿತು. 1997ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನ್ಯೂರೋಸರ್ಜನ್ ಜೋ ಮತ್ತು ಇಎನ್‌ಟಿ ಸರ್ಜನ್ ರಿಕಾರ್ಡೊ ಕರಾವ್ ಎಂಡೋಸ್ಕೋಪ್‌ನಿಂದಲೇ ಪಿಟ್ಯುಟರಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 50 ರೋಗಿಗಳ ವರದಿ ಕೊಟ್ಟರು. ಅದೇ ಊರಿನಲ್ಲಿ ಅಮೀನ್ ಕಾಸಂ, ಕಾರ್ಲ್ ಸ್ನೈಡರ್‌ಮನ್ ಮುಂತಾದವರು ಪಿಟ್ಯುಟರಿಯ ಆಚೆಗೂ, ಮುಂದಕ್ಕೆ ಹಿಂದಕ್ಕೆ ಮಗ್ಗುಲಿಗೆ, ಮೂಗಿನ ಮೂಲಕವೇ ಎಲ್ಲೆಲ್ಲಿ ತಲುಪಬಹುದು ಎಂದು ಅಂಗುಲ ಅಂಗುಲವಾಗಿ ಗುರುತಿಸುತ್ತ ಹೋದರು. ಜೊಲ್ಲುಗ್ರಂಥಿಯ ಗಡ್ಡೆ ಅಡಗುವ ಗುಂಡಿ ಈ ನಕ್ಷೆಯ ಮಗ್ಗುಲಿನಲ್ಲಿದೆ.

ಈಗ ಆಪರೇಷನ್ ಕೋಣೆಗೆ ಬರೋಣ. ರೋಗಿಗೆ ಪೂರ್ತಿ ಅರಿವಳಿಕೆ. ಅಡ್ರಿನಾಲಿನ್‌ನಲ್ಲಿ ಅದ್ದಿದ ಹತ್ತಿಯ ಪಟ್ಟಿಗಳನ್ನು ಮೂಗಿನಲ್ಲಿ ತುಂಬಿ ರಕ್ತನಾಳಗಳು ಕುಗ್ಗಲು ಬಿಟ್ಟಿದ್ದಾರೆ. ಮೊದಲೇ ತೆಗೆದ ಸಿಟಿ, ಎಂಆರ್‌ಐ ಚಿತ್ರಗಳನ್ನು ನ್ಯಾವಿಗೇಷನ್ ಯಂತ್ರಕ್ಕೆ ತುಂಬಲಾಗಿದೆ. ಸರ್ಜನ್ ಕೈಯ ಕಡ್ಡಿಯ ತುದಿ ತಲೆಯೊಳಗೆ ಎಲ್ಲಿದೆ ಎಂದು ಅದು ಪರದೆಯ ಮೇಲೆ ತೋರಿಸುತ್ತದೆ. ಒಂದು ತೊಡೆಯನ್ನೂ ಸ್ವಚ್ಛ ಮಾಡಿ ಸಿದ್ಧವಾಗಿಟ್ಟಿದ್ದಾರೆ, ಕೊನೆಯಲ್ಲಿ ತೇಪೆ ಹಾಕಲು ಅಲ್ಲಿಂದ ಪೊರೆಯೋ ಕೊಬ್ಬೋ ಬೇಕಾದೀತು. ಇಬ್ಬರು ಸರ್ಜನ್‌ಗಳು, ಒಬ್ಬರು ಇಎನ್‌ಟಿ, ಇನ್ನೊಬ್ಬರು ನ್ಯೂರೋಸರ್ಜನ್. ಎರಡೂ ಹೊಳ್ಳೆಗಳಲ್ಲಿ ನಾಲ್ಕು ಕೈಗಳ ಸಲಕರಣೆಗಳು. ಒಬ್ಬರು ಸ್ಕೋಪ್ ಹಿಡಿದು ದಾರಿ ತೋರಿಸಿದರೆ ಇನ್ನೊಬ್ಬರು ಎರಡೂ ಕೈಯಲ್ಲಿ ಕೆಲಸ ಮಾಡುತ್ತಾರೆ.

ಮೂಗಿನ ಬದಿಯ ಗೋಡೆಯನ್ನು ತೆಗೆದರೆ ಕೆನ್ನೆಯ ಸೈನಸ್ ಒಂದು ಕೋಣೆಯಾಗಿ ತೆರೆದುಕೊಳ್ಳುತ್ತದೆ. ಅದರ ಹಿಂಗೋಡೆ ತೆಳುವಾದ ಮೂಳೆ, ಅದನ್ನು ಚೂರುಚೂರಾಗಿ ಬಿಡಿಸಿದರೆ ಹಿಂದೆ ಕೊಬ್ಬು, ರಕ್ತನಾಳಗಳ ಸುರುಳಿ, ಅವುಗಳ ಹಿಂದೆ ನರಗಳು. ರಕ್ತನಾಳಗಳಿಗೆ ಕ್ಲಿಪ್ ಹಾಕಿ ಮುಚ್ಚಬೇಕು. ಆಮೇಲೆ ಕಾಣುವುದು ಎರಡು ರಂಧ್ರಗಳು. ಮೇಲೆ ಹೊರಬದಿಗೆ ಕೆನ್ನೆಯ ನರದ ದುಂಡನೆಯ ರಂಧ್ರ, ಕೆಳಗೆ ಒಳಬದಿಗೆ ವಿಡಿಯನ್ ಎಂಬ ಇನ್ನೊಂದು ನರದ ಕಾಲುವೆ. ನನ್ನನ್ನು ತುಂಬ ಹಿಡಿದು ನಿಲ್ಲಿಸಿದ ಸಂಗತಿ ಇಲ್ಲಿದೆ. ವಿಡಿಯನ್ ಕಾಲುವೆಯನ್ನು ಹಿಂದಕ್ಕೆ ಅನುಸರಿಸಿದರೆ ಅದು ತಪ್ಪದೆ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಕೆರೋಟಿಡ್ ಅಪಧಮನಿಯ ಬಳಿ ಒಯ್ಯುತ್ತದೆ. ಆದ್ದರಿಂದ ಸರ್ಜನ್ ಡೈಮಂಡ್ ತುದಿಯ ಡ್ರಿಲ್ಲಿನಿಂದ ಕಾಲುವೆಯ ಕೆಳಗಿನ ಮತ್ತು ಒಳಬದಿಯ ಮೂಳೆಯನ್ನು ಮೊದಲು ಉಜ್ಜುತ್ತ, ನೀರು ಹಾಯಿಸುತ್ತ, ಆ ನರವನ್ನೇ ಗುರುತಾಗಿಟ್ಟುಕೊಂಡು ಮುಂದುವರಿಯುತ್ತಾರೆ. ಗಡ್ಡೆ ಕಳ್ಳತನದಿಂದ ಒಳಸೇರಲು ಹಿಡಿಯುವ ದಾರಿಯೂ ನರ, ಸರ್ಜನ್ ಅಪಾಯ ತಪ್ಪಿಸಿಕೊಂಡು ಒಳಹೋಗಲು ನಂಬುವ ಗುರುತೂ ನರ. ಮೂಗಿನ ಹಾದಿಯ ನಿಜವಾದ ಬಲ ಮುಖದ ಮೇಲೆ ಗಾಯದ ಗುರುತಿಲ್ಲ ಎಂಬುದಲ್ಲ. ಗಡ್ಡೆ ಯಾವ ದಿಕ್ಕಿನಲ್ಲಿ ಹೋಗಿದೆಯೋ ಅದೇ ದಿಕ್ಕಿನಲ್ಲಿ, ಅದರ ಹಿಂದೆಯೇ, ಕಣ್ಣಿಟ್ಟುಕೊಂಡು ಹೋಗಬಹುದು ಎಂಬುದು. ಕೆನ್ನೆ ಸೀಳಿ ಮುಂದಿನಿಂದ ಬಂದವರಿಗೆ ಈ ನೇರ ಸಾಲು ಸಿಗುತ್ತಿರಲಿಲ್ಲ. 30, 45, 70 ಡಿಗ್ರಿ ಓರೆ ಕಣ್ಣಿನ ಸ್ಕೋಪುಗಳಿಗೆ ಮೂಲೆಯ ಆಚೆಯೂ ಕಾಣುತ್ತದೆ.

ಕೆರೋಟಿಡ್ ಹತ್ತಿರವಾದಂತೆ ಕೋಣೆಯಲ್ಲಿ ಮಾತು ಕಡಿಮೆಯಾಗುತ್ತದೆ. ಡಾಪ್ಲರ್ ಕಡ್ಡಿ ತಾಗಿಸಿ ರಕ್ತ ಹರಿಯುವ ಸದ್ದು ಕೇಳಿ ಅದರ ಜಾಗವನ್ನು ಖಚಿತಪಡಿಸಿಕೊಳ್ಳುತ್ತಾರೆ. ಅದಕ್ಕೆ ಪೆಟ್ಟು ಬೀಳುವುದು ಅಪರೂಪ, ಆದರೆ ಬಿದ್ದರೆ ಒಂದೆರಡು ಕ್ಷಣಕ್ಕೆ ಪರದೆಯೆಲ್ಲ ಕೆಂಪಾಗಿ ಏನೂ ಕಾಣದಂತಾಗುತ್ತದೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಪೀಟರ್ ಜಾನ್ ವರ್ಮಲ್ಡ್ ಅವರ ತಂಡ ಈ ಗಳಿಗೆಯನ್ನು ಎದುರಿಸುವ ತರಬೇತಿಯನ್ನೇ ರೂಪಿಸಿತು. ಅರಿವಳಿಕೆ ಕೊಟ್ಟ ಕುರಿಗಳ ಅಪಧಮನಿಯ ಮೇಲೆ ಸರ್ಜನ್‌ಗಳು ಅಭ್ಯಾಸ ಮಾಡುತ್ತಾರೆ, ಜಜ್ಜಿದ ಸ್ನಾಯುವಿನ ತುಣುಕನ್ನು ರಕ್ತ ಚಿಮ್ಮುವ ಜಾಗಕ್ಕೆ ಒತ್ತಿಹಿಡಿದು ಹೇಗೆ ನಿಲ್ಲಿಸಬೇಕು ಎಂದು ಕಲಿಯುತ್ತಾರೆ. ಇಂಥ ಸಿದ್ಧತೆ ಇಲ್ಲದವರು ಈ ಹಾದಿಗೆ ಇಳಿಯಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಸೈನಸ್ ಶಸ್ತ್ರಚಿಕಿತ್ಸೆ ಚೆನ್ನಾಗಿ ಬರುತ್ತದೆ ಎಂದ ಮಾತ್ರಕ್ಕೆ ಬುರುಡೆಯ ತಳದ ಶಸ್ತ್ರಚಿಕಿತ್ಸೆ ಬರುವುದಿಲ್ಲ.

ಗಡ್ಡೆಯನ್ನು ಇಡಿಯಾಗಿ ಒಂದೇ ತುಂಡಾಗಿ ತೆಗೆಯಬೇಕು, ಒಡೆದರೆ ಹರಡುತ್ತದೆ ಎಂಬುದು ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಹಳೆಯ ನಿಯಮ. ಹೊಳ್ಳೆಯ ಮೂಲಕ ದೊಡ್ಡ ಗಡ್ಡೆ ಇಡಿಯಾಗಿ ಬರದು. ಎಂಡೋಸ್ಕೋಪ್ ವಿಧಾನಕ್ಕೆ ಮೊದಲು ಎದ್ದ ದೊಡ್ಡ ಆಕ್ಷೇಪ ಇದೇ, ಅದು ಗಂಭೀರವಾದ ಆಕ್ಷೇಪವೇ. ಇದಕ್ಕೆ ಸರ್ಜನ್‌ಗಳು ಕಂಡುಕೊಂಡ ಉತ್ತರ ಹೀಗಿದೆ: ಮೂಗಿನ ಖಾಲಿ ಜಾಗಕ್ಕೆ ಚಾಚಿಕೊಂಡ ಭಾಗವನ್ನು ಮೊದಲು ಸವೆಸಿ ತೆಗೆಯುವುದು, ಗಡ್ಡೆ ನಿಜವಾಗಿ ಎಲ್ಲಿ ಅಂಟಿದೆ ಎಂದು ಆಗ ಕಂಡುಕೊಳ್ಳುವುದು, ಆ ಬುಡವನ್ನು ಸುತ್ತಲಿನ ಆರೋಗ್ಯವಂತ ಅಂಚಿನ ಸಮೇತ ಎಬ್ಬಿಸುವುದು. ಅಂಚಿನ ತುಣುಕುಗಳನ್ನು ಅಲ್ಲೇ ಪಕ್ಕದ ಲ್ಯಾಬಿಗೆ ಕಳಿಸಿ, ಹೆಪ್ಪುಗಟ್ಟಿಸಿ ಕತ್ತರಿಸಿ, ಪೆಥಾಲಜಿಸ್ಟ್ ನೋಡಿ ಹೇಳುವ ತನಕ ಕಾಯುವುದು. ಕ್ಯಾನ್ಸರ್ ಇದೆ ಎಂದರೆ ಇನ್ನಷ್ಟು ಮುಂದೆ ಹೋಗುವುದು. ಆಯ್ದ ರೋಗಿಗಳಲ್ಲಿ ಇದರ ಫಲ ಹಳೆಯ ವಿಧಾನಕ್ಕೆ ಸರಿಸಮವಾಗಿದೆ ಎಂದು ಅನುಭವಿ ಆಸ್ಪತ್ರೆಗಳ ದಾಖಲೆಗಳು ಹೇಳುತ್ತವೆ. ಆದರೆ ಇಷ್ಟು ಅಪರೂಪದ ಕಾಯಿಲೆಯಲ್ಲಿ ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ಹೋಲಿಸುವುದು ಬಲು ಕಷ್ಟ. ಸಾಕ್ಷ್ಯದ ತೂಕ ಅಷ್ಟೇ ಎಂದು ತಿಳಿದಿರಬೇಕು.

ಇನ್ನು ಈ ಶಸ್ತ್ರಚಿಕಿತ್ಸೆಯ ಅತಿ ಕಷ್ಟದ ಭಾಗ, ಕೈಚಳಕಕ್ಕೆ ಸಂಬಂಧವೇ ಇಲ್ಲದ್ದು. ಎಲ್ಲಿ ನಿಲ್ಲಬೇಕು?

ಕೆನ್ನೆಯ ನರವನ್ನು ಹಿಡಿದು ಹಿಂದೆ ಹೋದರೆ ಮುಖದ ಮೂರೂ ನರಶಾಖೆಗಳು ಕೂಡುವ ಗಂಟು ಸಿಗುತ್ತದೆ. ಅದರ ಪಕ್ಕದಲ್ಲೇ ಕ್ಯಾವರ್ನಸ್ ಸೈನಸ್ ಎಂಬ ರಕ್ತದ ಕೊಳ, ಅದರೊಳಗೆ ಕೆರೋಟಿಡ್, ಕಣ್ಣನ್ನು ಆಡಿಸುವ ನರಗಳು. ಕೆನ್ನೆಯ ನರ ಕತ್ತರಿಸಿದರೆ ಕೆನ್ನೆಗೆ ಸ್ಪರ್ಶ ಇಲ್ಲವಾಗುತ್ತದೆ, ಅದರೊಡನೆ ಬದುಕಬಹುದು. ವಿಡಿಯನ್ ಕತ್ತರಿಸಿದರೆ ಆ ಕಣ್ಣು ಒಣಗುತ್ತದೆ, ಹನಿ ಹಾಕಿಕೊಂಡು ನಿಭಾಯಿಸಬಹುದು. ಗಂಟನ್ನೇ ತೆಗೆದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಸ್ಪರ್ಶವೇ ಇರುವುದಿಲ್ಲ. ಕಸ ಬಿದ್ದರೂ ತಿಳಿಯದೆ ಹುಣ್ಣಾಗಿ ದೃಷ್ಟಿ ಹೋಗಬಹುದು. ಕ್ಯಾವರ್ನಸ್ ಸೈನಸ್ ಕೆದಕಿದರೆ ಕಣ್ಣು ಕದಲದಂತಾಗಬಹುದು, ಪಾರ್ಶ್ವವಾಯು ಬಡಿಯಬಹುದು. ಇಷ್ಟೆಲ್ಲ ತೆತ್ತರೂ ಗೆಲುವಿನ ಖಾತ್ರಿಯಿಲ್ಲ. ಏಕೆಂದರೆ ಈ ಗಡ್ಡೆ ನರದಲ್ಲಿ ಒಂದೆಡೆ ಬಿಟ್ಟು ಮುಂದೆ ಇನ್ನೊಂದೆಡೆ ಕುಳಿತಿರಬಹುದು, ಪೆಥಾಲಜಿಸ್ಟ್ ಅಂಚು ಶುದ್ಧವಾಗಿದೆ ಎಂದರೂ ಆಚೆ ಕಣಗಳು ಉಳಿದಿರಬಹುದು. ಹಾಗಾಗಿ ಅನುಭವಿ ತಂಡಗಳು ಕಣ್ಣಿಗೆ ಕಾಣುವ ಗಡ್ಡೆಯನ್ನೆಲ್ಲ ತೆಗೆಯಲು ಯತ್ನಿಸಿ, ಕೆರೋಟಿಡ್‌ಗೋ ಕಣ್ಣಿನ ನರಕ್ಕೋ ಅಂಟಿದ ತೆಳು ಪದರವನ್ನು ಉದ್ದೇಶಪೂರ್ವಕವಾಗಿ ಬಿಟ್ಟು, ಅದನ್ನು ವಿಕಿರಣ ಚಿಕಿತ್ಸೆಗೆ ಒಪ್ಪಿಸುತ್ತವೆ.

ಆಪರೇಷನ್ ಆದಮೇಲೆ ‘ಸ್ವಲ್ಪ ಬಿಟ್ಟಿದ್ದೇವೆ’ ಎಂದು ಡಾಕ್ಟರು ಹೇಳಿದರೆ ಮನೆಯವರ ಎದೆ ಧಸಕ್ಕೆನ್ನುವುದು ಸಹಜ. ಅರ್ಧಕ್ಕೆ ಕೈಬಿಟ್ಟರು ಎಂದೇ ಅನ್ನಿಸುತ್ತದೆ. ಆದರೆ ಈ ಕಾಯಿಲೆಯ ಕಾಲಮಾನವೇ ಬೇರೆ. ಐದು ವರ್ಷ ದಾಟಿದರೆ ಗೆದ್ದಂತೆ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಐದನೇ ವರ್ಷದಲ್ಲಿ ಬಹುತೇಕರು ಬದುಕಿರುತ್ತಾರೆ, ಹತ್ತನೇ, ಹದಿನೈದನೇ, ಇಪ್ಪತ್ತನೇ ವರ್ಷಕ್ಕೆ ಆ ಸಂಖ್ಯೆ ಇಳಿಯುತ್ತ ಹೋಗುತ್ತದೆ. ಶ್ವಾಸಕೋಶಕ್ಕೆ ಹರಡಿ ಅಲ್ಲಿ ಚುಕ್ಕೆಗಳು ಕಂಡಮೇಲೂ ಯಾವ ತೊಂದರೆಯಿಲ್ಲದೆ ವರ್ಷಗಟ್ಟಲೆ ಕೆಲಸಕ್ಕೆ ಹೋಗುವವರಿದ್ದಾರೆ. ಇಂಥ ರೋಗಿಯ ಮುಂದೆ ಇರುವುದು ಕೆಲವು ತಿಂಗಳಲ್ಲ, ದಶಕಗಳು. ಆ ದಶಕಗಳನ್ನು ಎರಡೂ ಕಣ್ಣಿನಿಂದ ನೋಡುತ್ತ, ಊಟ ನುಂಗುತ್ತ, ಮಾತಾಡುತ್ತ ಕಳೆಯುವಂತಿರಬೇಕು. ಕೊನೆಯ ಕಣವನ್ನು ಬೆನ್ನಟ್ಟಿ ಕಣ್ಣು ಕಳೆದುಕೊಂಡು, ಹತ್ತು ವರ್ಷದ ಮೇಲೆ ಕಾಯಿಲೆ ಮತ್ತೆ ಬಂದರೆ ಆ ತ್ಯಾಗಕ್ಕೆ ಅರ್ಥವೇನು? ಎಲ್ಲರ ಉತ್ತರವೂ ಒಂದೇ ಆಗಿರಬೇಕಿಲ್ಲ. ಚಿಕ್ಕ ವಯಸ್ಸಿನ ರೋಗಿಯೊಬ್ಬರು ‘ಕಣ್ಣು ಹೋದರೂ ಸರಿ, ಪೂರ್ತಿ ತೆಗೆಯಿರಿ’ ಎನ್ನಬಹುದು, ಆ ಮಾತಿಗೂ ಬೆಲೆ ಇದೆ. ಆದರೆ ಈ ಪ್ರಶ್ನೆಯನ್ನು ಆಪರೇಷನ್‌ಗೆ ಮೊದಲೇ ರೋಗಿಯ ಮುಂದೆ, ಅವರ ಭಾಷೆಯಲ್ಲಿ, ಬಿಡಿಸಿ ಇಡಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಅವಸರದಲ್ಲಿ ನಮ್ಮ ಆಸ್ಪತ್ರೆಗಳಲ್ಲಿ ಬಹಳ ಸಲ ಬಿಟ್ಟುಹೋಗುವುದು ಈ ಮಾತುಕತೆಯೇ.

ಮಿದುಳಿನ ಹೊದಿಕೆಯವರೆಗೆ ಹೋದಾಗ ಅಲ್ಲೊಂದು ಕಿಂಡಿ ಉಳಿಯುತ್ತದೆ. ಅದನ್ನು ಮುಚ್ಚದಿದ್ದರೆ ಮಿದುಳನ್ನು ಸುತ್ತುವರಿದ ನೀರಿನಂಥ ದ್ರವ ಮೂಗಿನಿಂದ ತೊಟ್ಟಿಕ್ಕುತ್ತದೆ, ಮೂಗಿನ ಸೋಂಕು ಮಿದುಳಿಗೆ ಏರುತ್ತದೆ. ಮೊದಲ ವರ್ಷಗಳಲ್ಲಿ ದೊಡ್ಡ ಕಿಂಡಿಗಳಿಗೆ ಹಾಕಿದ ತೇಪೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಸೋರುತ್ತಿತ್ತು. ಎಂಡೋಸ್ಕೋಪ್ ಹಾದಿ ಅಲ್ಲೇ ಮುಗಿದುಹೋಗುವ ಸಾಧ್ಯತೆಯೂ ಇತ್ತು. ಅದನ್ನು ಉಳಿಸಿದವರು ಅರ್ಜೆಂಟೀನಾದ ರೊಸಾರಿಯೊ ನಗರದ ಗುಸ್ತಾವೊ ಹದಾದ್ ಮತ್ತು ಲೂಯಿಸ್ ಬಸ್ಸಗಸ್ತೆಗಿ. ಮೂಗಿನ ನಡುಗೋಡೆಯ ಲೋಳೆಪೊರೆಯನ್ನು ಅದರ ರಕ್ತನಾಳದ ಸಮೇತ ಎಬ್ಬಿಸಿ, ಹಿಂದಕ್ಕೆ ತಿರುಗಿಸಿ ಕಿಂಡಿಯ ಮೇಲೆ ಹೊದಿಸುವ ಅವರ ವಿಧಾನ 2006ರಲ್ಲಿ ಪ್ರಕಟವಾಯಿತು. ಜೀವಂತ ರಕ್ತ ಹರಿಯುವ ಪೊರೆ ಬೇಗ ಅಂಟಿಕೊಳ್ಳುತ್ತದೆ. ಸೋರಿಕೆ ನೂರರಲ್ಲಿ ಐದರ ಆಸುಪಾಸಿಗೆ ಇಳಿಯಿತು. ಒಂದು ತೊಡಕಿದೆ. ಆ ಪೊರೆಗೆ ರಕ್ತ ಕೊಡುವ ನಾಳ ಹಾದುಬರುವುದು ನಮ್ಮ ಗಡ್ಡೆ ಕೂರುವ ಗುಂಡಿಯಿಂದಲೇ, ಹಾಗಾಗಿ ಗಡ್ಡೆ ಇರುವ ಬದಿಯ ಪೊರೆ ಬಳಕೆಗೆ ಬಾರದೆ ಇನ್ನೊಂದು ಬದಿಯದನ್ನು ಎತ್ತಬೇಕಾಗುತ್ತದೆ.

ಎಲ್ಲರಿಗೂ ಈ ಹಾದಿ ಒಗ್ಗುವುದಿಲ್ಲ. ಗಡ್ಡೆ ಅಂಗುಳದ ಮೂಳೆಯನ್ನು ತಿಂದಿದ್ದರೆ, ಕೆನ್ನೆಯ ಚರ್ಮಕ್ಕೆ ಬಂದಿದ್ದರೆ, ಕಣ್ಣಿನ ಗೂಡಿನೊಳಗೆ ಹಬ್ಬಿದ್ದರೆ ಹಳೆಯ ಬಾಗಿಲೇ ಬೇಕು, ಅಥವಾ ಎರಡೂ ಸೇರಬೇಕು. ಹೊರಗಿನ ಗಾಯವಿಲ್ಲ ಎಂದ ಮಾತ್ರಕ್ಕೆ ಇದು ಚಿಕ್ಕ ಆಪರೇಷನ್ ಅಲ್ಲ. ಹಲವು ಗಂಟೆ ನಡೆಯುತ್ತದೆ. ಆಮೇಲೆ ವಾರಗಟ್ಟಲೆ ಮೂಗು ಸೀಟುವಂತಿಲ್ಲ, ಭಾರ ಎತ್ತುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಮೂಗಿನೊಳಗೆ ಹಕ್ಕಳೆ ಕಟ್ಟುವುದು ತಿಂಗಳುಗಟ್ಟಲೆ ಕಾಡುತ್ತದೆ, ವಾಸನೆ ತಿಳಿಯುವುದು ಕುಂದಬಹುದು. ಯೋಗ ಮಾಡುವವರಿಗೆ ಪರಿಚಿತ ಜಲನೇತಿಯಂತೆ ಉಪ್ಪುನೀರಿನಿಂದ ಮೂಗು ತೊಳೆಯುವುದೇ ಇದಕ್ಕೆ ಮುಖ್ಯ ಆರೈಕೆ. ಆದರೆ ಯಾವಾಗ ಶುರುಮಾಡಬೇಕೆಂದು ಸರ್ಜನ್ ಹೇಳಬೇಕು, ಕಾಯಿಸಿ ಆರಿಸಿದ ನೀರನ್ನೇ ಬಳಸಬೇಕು.

ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ಆರು ವಾರ ಹಿಡಿಯುತ್ತದೆ. ಕಣ್ಣಿನ ನರ, ಮಿದುಳಕಾಂಡ ಪಕ್ಕದಲ್ಲೇ ಇರುವುದರಿಂದ ಕಿರಣ ಅಲ್ಲಿಗೆ ಸೋರದಂತೆ ನೋಡಿಕೊಳ್ಳಬೇಕು. ಹೇಳಿದ ಆಳದಲ್ಲಿ ನಿಲ್ಲುವ ಪ್ರೋಟಾನ್ ಕಿರಣಕ್ಕೆ ಇಲ್ಲಿ ಬೆಲೆ ಬರುವುದು ಅದಕ್ಕೇ. ದೇಶದ ಮೊದಲ ಪ್ರೋಟಾನ್ ಕೇಂದ್ರ 2019ರಲ್ಲಿ ಚೆನ್ನೈನಲ್ಲಿ ಆರಂಭವಾಯಿತು, ಆಮೇಲೆ ಟಾಟಾ ಮೆಮೋರಿಯಲ್ ಸಂಸ್ಥೆಯ ಖಾರ್ಘರ್ ಆವರಣದಲ್ಲೂ ಬಂತು. ಜರ್ಮನಿಯ ಹೈಡಲ್‌ಬರ್ಗ್ ಮತ್ತು ಜಪಾನಿನಲ್ಲಿ ಇನ್ನೂ ಭಾರದ ಕಾರ್ಬನ್ ಅಯಾನುಗಳನ್ನು ಈ ಗಡ್ಡೆಯ ಮೇಲೆ ಬಳಸಿದ್ದಾರೆ. ಕೀಮೋಥೆರಪಿಗೆ ಇದು ಬಗ್ಗುವುದು ಕಡಿಮೆ. ಲೆನ್ವಾಟಿನಿಬ್‌ನಂಥ ಮಾತ್ರೆಗಳು ಕೆಲವರಲ್ಲಿ ಬೆಳವಣಿಗೆಯನ್ನು ಒಂದಷ್ಟು ಕಾಲ ತಡೆಹಿಡಿಯುತ್ತವೆ, ಅಷ್ಟೇ.

ಕರ್ನಾಟಕದವರಿಗೆ ಮೂಗಿನ ಎಂಡೋಸ್ಕೋಪಿಯ ಹೆಸರು ಮನೆಮನೆಗೆ ತಲುಪಿದ್ದು 2021ರಲ್ಲಿ, ಕೋವಿಡ್ ಬೆನ್ನಲ್ಲೇ ಕಪ್ಪು ಶಿಲೀಂಧ್ರ ಸಾವಿರಾರು ಜನರನ್ನು ಹಿಡಿದಾಗ. ಆ ಶಿಲೀಂಧ್ರ ಅಡಗುತ್ತಿದ್ದುದೂ ಮೇಲ್ದವಡೆಯ ಹಿಂದಿನ ಇದೇ ಗುಂಡಿಯಲ್ಲಿ. ದಿನಕ್ಕೆ ಹಲವು ಆಪರೇಷನ್ ಮಾಡುತ್ತ ನಮ್ಮ ಇಎನ್‌ಟಿ ಸರ್ಜನ್‌ಗಳು ಆ ಜಾಗವನ್ನು ಅಂಗೈಯಂತೆ ಅರಿತರು. ಆ ಅನುಭವ ಈಗ ಅಪರೂಪದ ಗಡ್ಡೆಗಳಿಗೂ ಒದಗಬೇಕು. ಆದರೆ ಅದಕ್ಕೆ ಇಎನ್‌ಟಿ, ನ್ಯೂರೋಸರ್ಜರಿ, ರೇಡಿಯೇಷನ್, ಪೆಥಾಲಜಿ ನಾಲ್ಕೂ ಒಂದೇ ಮೇಜಿಗೆ ಕೂರಬೇಕು. ಬೆಂಗಳೂರಿನಲ್ಲಿ ಕ್ಯಾನ್ಸರಿಗೆ ಕಿದ್ವಾಯಿ ಇದೆ, ಮಿದುಳಿಗೆ ನಿಮ್ಹಾನ್ಸ್ ಇದೆ. ಈ ಗಡ್ಡೆ ಹುಟ್ಟುವುದು ಒಂದರ ಕ್ಷೇತ್ರದಲ್ಲಿ, ತಲುಪುವುದು ಇನ್ನೊಂದರ ಕ್ಷೇತ್ರಕ್ಕೆ. ಬೀದರಿನಿಂದಲೋ ಕಾರವಾರದಿಂದಲೋ ಬಂದವರು ಫೈಲು ಹಿಡಿದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯದಂತೆ, ಇಂಥ ಅಪರೂಪದ ಗಡ್ಡೆಗಳಿಗೆ ಜಂಟಿ ಸಭೆ ನಿಗದಿಯಾಗಿ ನಡೆಯುವ ಏರ್ಪಾಡು ರಾಜ್ಯಕ್ಕೆ ಬೇಕೇಬೇಕು.

ರೋಗಿಯ ಮನೆಯವರು ಕೇಳಬೇಕಾದವು ಕೆಲವಿವೆ. ಈ ತಂಡ ಬುರುಡೆಯ ತಳದ ಗಡ್ಡೆಗಳನ್ನು ನಿಯಮಿತವಾಗಿ ಮಾಡುತ್ತದೆಯೇ, ನ್ಯೂರೋಸರ್ಜನ್ ಜೊತೆಗಿರುತ್ತಾರೆಯೇ, ನರದುದ್ದಕ್ಕೂ ಹರಡಿದೆಯೇ ಎಂದು ನೋಡಲು ಕಾಂಟ್ರಾಸ್ಟ್ ಕೊಟ್ಟು, ಕೊಬ್ಬಿನ ಹೊಳಪನ್ನು ತಗ್ಗಿಸಿ ಎಂಆರ್‌ಐ ತೆಗೆದಿದ್ದಾರೆಯೇ, ಎದೆಯ ಸಿಟಿ ಆಗಿದೆಯೇ, ಏನನ್ನು ಬಿಡಬೇಕಾಗಬಹುದು ಮತ್ತು ಯಾಕೆ. ಆಪರೇಷನ್ ಮುಗಿದು ಹತ್ತು ವರ್ಷವಾದರೂ ಮೂಗು–ಮುಖದ ಎಂಆರ್‌ಐ ಮತ್ತು ಎದೆಯ ಸ್ಕ್ಯಾನ್ ನಿಲ್ಲಿಸಬಾರದು. ಹಳೆಯ ಚಿತ್ರಗಳ ಸಿಡಿಗಳನ್ನು ಎಸೆಯಬಾರದು, ನರ ಒಂದಿಷ್ಟು ದಪ್ಪಗಾಗಿದೆಯೇ ಎಂಬುದು ಹಳೆಯದರ ಪಕ್ಕ ಹೊಸದನ್ನು ಇಟ್ಟಾಗಲೇ ತಿಳಿಯುವುದು. ಬಯಾಪ್ಸಿ ಮತ್ತು ಆಪರೇಷನ್‌ನಲ್ಲಿ ತೆಗೆದ ತುಣುಕುಗಳನ್ನು ಹುದುಗಿಸಿಟ್ಟ ಮೇಣದ ಬ್ಲಾಕುಗಳು ಯಾವ ಲ್ಯಾಬಿನಲ್ಲಿವೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ ಎಂದು ವಿಚಾರಿಸಿ ಬರೆದಿಟ್ಟುಕೊಳ್ಳಬೇಕು. ಅವಧಿ ಮುಗಿಯುವ ಮೊದಲು ಕೇಳಿ ಪಡೆಯಬೇಕು. ಎಂವೈಬಿ ಜೀನಿನ ಪರೀಕ್ಷೆಗಾಗಲಿ, ಮುಂದೆ ಬರಬಹುದಾದ ಹೊಸ ಔಷಧಕ್ಕೆ ಈ ಗಡ್ಡೆ ಒಗ್ಗುತ್ತದೆಯೇ ಎಂದು ನೋಡುವುದಕ್ಕಾಗಲಿ ಬೇಕಾಗುವುದು ಆ ಬ್ಲಾಕುಗಳೇ.